ನಾಮ, ಸರ್ವನಾಮ

ಹೊಳೆ ದಂಡೆಯ ಆ ಆಶ್ರಮಕ್ಕೆ ಮೋಕ್ಷ ಬೇಡಿ ಬರುವವರು ಕಡಿಮೆ. ಬರುವವರೆಲ್ಲ ಇಂಗ್ಲಿಷಿನಲ್ಲಿ ನಪಾಸಾದವರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದ ಶೇಷಗಿರಿ ಆಚಾರ್ಯರು ಅವರಿಗೆ ವ್ಯಾಕರಣ ಕಲಿಸುತ್ತಿದ್ದರು. ಆಶ್ರಮದಲ್ಲೂ ಗ್ರಾಮರ್ರೇ ಎಂದು ಊರು ನಗುತ್ತಿತ್ತು. ನಗುತ್ತಲೇ ತನ್ನ ಮಕ್ಕಳನ್ನು ಅಲ್ಲಿಗೆ ಅಟ್ಟುತ್ತಿತ್ತು.

ಗೋಪೀನಾಥ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ. ಅವತ್ತು ಪಾಠಕ್ಕೆ ತಡವಾಗಿ ಬಂದ. ಉಟ್ಟ ಧೋತರ ಒದ್ದೆಯಾಗಿತ್ತು.

ಗುರುಗಳು ಏನೂ ಕೇಳದೆ ಪ್ರಶ್ನೆಪತ್ರಿಕೆ ಮುಂದಿಟ್ಟರು.

"ಮೊದಲನೇದು ಓದು. ಕನ್ನಡದಾಗ ಅರ್ಥ ಹೇಳು."

ಗೋಪೀನಾಥ ಓದಿಕೊಂಡ. "ರಾಮ ಸೋಮನ್ನ ಭೇಟಿ ಆದಾಗ ಅಂವ ಅಳ್ಲಿಕತ್ತಿದ್ದ."

"ಅಳ್ಲಿಕತ್ತಿದ್ದವ ಯಾರು?"

"ಗೊತ್ತಾಗಂಗಿಲ್ರಿ. ಅಂವ ಅಂದ್ರ ಇಬ್ಬರಾಗ ಯಾರರೇ ಆಗಬಹುದು."

"ಸರಿ. ನೀ ಯಾಕ ತಡಾ ಮಾಡಿದಿ?"

"ಇವತ್ತು ಅಂವಂದು ವರ್ಷದ ಶ್ರಾದ್ಧ ಇತ್ರಿ."

"ಯಾರ್ದು?"

"ಅಂವಂದು."

"ಯಾವ ಅಂವ? ಈಗಷ್ಟೇ ಏನು ಓದಿದಿ?"

ಗೋಪೀನಾಥ ತಲೆ ತಗ್ಗಿಸಿದ. ಅವನ ಅಣ್ಣ ಕಾಮಾಲೆಯಾಗಿ ಹೋದ ವರ್ಷ ತೀರಿಕೊಂಡಿದ್ದ. ಅಂದಿನಿಂದ ಅಣ್ಣ ಎಂಬ ಮಾತೂ ಇವನ ಬಾಯಿಂದ ಹೊರಟಿರಲಿಲ್ಲ. ಉಳಿದದ್ದು ಅಂವ ಎಂಬುದೊಂದೇ.

"ನೀರು ಬಿಟ್ಟಿ ಏನು?" ಗುರುಗಳು ಕೇಳಿದರು.

"ಇಲ್ರಿ. ಭಟ್ಟರು ಗೋತ್ರ ಕೇಳಿದ್ರು, ಹೇಳಿದೆ. ಹೆಸರು ಕೇಳಿದ್ರು. 'ಅಂವನ ರೀ,' ಅಂದೆ. 'ಹಂಗಂದ್ರ ಎಳ್ಳುನೀರು ಯಾರಿಗೆ ಮುಟ್ಟಬೇಕೋ? ಹೊಳಿಗೇನು ಗೊತ್ತು?' ಅಂತ ಬೈದ್ರು. ಎದ್ದು ಬಂದುಬಿಟ್ಟೆ."

"ನಿಮ್ಮವ್ವ?"

"ಉಪಾಸ ಕೂತಾಳ. ಅಂವಗ ನೀರು ಮುಟ್ಟೋ ತನಕ ತಾನೂ ಹನಿ ನೀರು ಮುಟ್ಟಂಗಿಲ್ಲಂತ. ಮೊದಲ ಆಕಿಗೆ ಸಕ್ಕರಿ ಕಾಯಿಲೆ."

"ಮತ್ತ ಹೆಸರು ಹೇಳ್ಲಿಕ್ಕೆ ಏನು ಧಾಡಿ?"

"ಹಿರಿಯ ಅಲ್ಲೇನ್ರಿ!" ಗೋಪೀನಾಥನ ದನಿ ಒಡೆಯಿತು. "ಬದುಕಿದ್ದಾಗ ಒಂದು ಸಲಾನೂ ಹೆಸರು ಹಿಡಿದು ಕರೆದವನಲ್ಲ. ಸತ್ತ ಮ್ಯಾಲೆ ಕರೀಲೇನು? ಕರೆದ್ರ ಅಂವ ಸತ್ತದ್ದು ಖರೇ ಆಗ್ತದ."

ಗುರುಗಳು ಪ್ರಶ್ನೆಪತ್ರಿಕೆಯ ಹಾಳೆ ಮಗುಚಿದರು. ಅದನ್ನು ಕಂಡು ಗೋಪೀನಾಥನಿಗೆ ಸಿಟ್ಟು ನೆತ್ತಿಗೇರಿತು. ಇವರದೇನು ಹೋಗಿದೆ? ವಾಕ್ಯ ತಿದ್ದುವವರಿಗೆ ಹೊಟ್ಟೆಯ ಸಂಕಟ ಹೇಗೆ ತಿಳಿದೀತು?

"ನಿಮಗ ತಿಳಿಯಂಗಿಲ್ರಿ," ಎಂದುಬಿಟ್ಟ. "ನನ್ನ ದುಃಖ ನಿಮಗಿಂತ ದೊಡ್ಡದು."

"ತಪ್ಪು."

"ಏನು ತಪ್ರಿ?"

"ವಾಕ್ಯ ತಪ್ಪು. ದುಃಖಾನ ಮನುಷ್ಯಾನ ಜೋಡಿ ಹೋಲಿಸಿದಿ. ನಮ್ಮೂರ ಹೊಳಿ ನಿಮ್ಮೂರಿಗಿಂತ ಆಳ ಅಂತ ಬರೆದ್ರ ಪರೀಕ್ಷಾದಾಗ ಮಾರ್ಕು ಕೊಡ್ತಾರೇನು? ಹೊಳಿಗೆ ಹೊಳಿ ಹೋಲಿಸಬೇಕು. ದುಃಖಕ್ಕ ದುಃಖ."

"ಅಂದ್ರ, ನಿಮ್ಮ ದುಃಖಕ್ಕಿಂತ..." ಎಂದು ತಿದ್ದಿಕೊಳ್ಳಹೋದ ಗೋಪೀನಾಥ ಅಲ್ಲಿಗೇ ತಡೆದ. ಗುರುಗಳಿಗೊಂದು ದುಃಖವಿರಬಹುದೆಂದು ಅವನೆಂದೂ ಯೋಚಿಸಿರಲಿಲ್ಲ. "ನಿಮಗೇನಾಗಿತ್ರಿ?"

"ಒಂದು ಕೂಸಿತ್ತು," ಎಂದರು ಗುರುಗಳು. "ಎದ್ದೇಳು. ನಿಮ್ಮವ್ವ ಹಸದಾಳ."

ಗೋಪೀನಾಥನಿಗೆ ನಾಚಿಕೆಯಾಯಿತು. ಆಡಿದ ಮಾತನ್ನು ನುಂಗುವಂತಿರಲಿಲ್ಲ. ಎದ್ದು ಹೊಳೆಗೆ ಇಳಿದ. ಗುರುಗಳು ಕೋಲೂರಿಕೊಂಡು ಹಿಂದೆಯೇ ಬಂದರು.

ಭಟ್ಟರು ಇನ್ನೂ ಮೆಟ್ಟಿಲ ಮೇಲೆಯೇ ಕೂತಿದ್ದರು. ಬೈದಿದ್ದರು ನಿಜ, ಆದರೆ ಬಿಟ್ಟುಹೋಗಿರಲಿಲ್ಲ. ಗೋಪೀನಾಥನ ಅಂಗೈಗೆ ಎಳ್ಳು ಹಾಕಿ ಮತ್ತೆ ಗೋತ್ರ ಕೇಳಿದರು. ಹೇಳಿದ. ಹೆಸರು ಕೇಳಿದರು.

ಮನೆಯಲ್ಲಿ ಅವ್ವನ ಬಾಯಿ ಒಣಗುತ್ತಿರುವುದು ನೆನಪಾಯಿತು.

"ಜಯತೀರ್ಥ," ಎಂದ.

ನೀರು ಬೆರಳ ಸಂದಿಯಿಂದ ಜಾರಿ ಹೊಳೆಗೆ ಬಿತ್ತು. ಹೆಸರು ಹಿಡಿದು ಕರೆದರೂ ಯಾರೂ ಓ ಎನ್ನಲಿಲ್ಲ. ಗೋಪೀನಾಥ ಮೊಣಕಾಲುದ್ದದ ನೀರಿನಲ್ಲಿ ನಿಂತು, ವರ್ಷದುದ್ದಕ್ಕೂ ಅಳದಿದ್ದುದನ್ನೆಲ್ಲ ಅತ್ತ.

ಭಟ್ಟರು ಅವ್ವನಿಗೆ ಸುದ್ದಿ ಮುಟ್ಟಿಸಲು ಹೊರಟರು. ಗೋಪೀನಾಥ ಮುಖ ತೊಳೆದುಕೊಂಡು ಗುರುಗಳ ಕಡೆ ತಿರುಗಿದ. ಏನಾದರೂ ಮಾಡಿ ಆಡಿದ ಮಾತಿನ ಋಣ ತೀರಿಸಬೇಕೆನಿಸಿತು.

"ಎಳ್ಳು ಇನ್ನೂ ಉಳಿದಾವ್ರಿ. ನಿಮ್ಮ ಕೂಸಿಗೂ ನಾ ನೀರು ಬಿಡ್ತೀನಿ. ಹೆಸರು ಹೇಳ್ರಿ."

ಗುರುಗಳು ಕೋಲೂರಿ ಒಂದು ಮೆಟ್ಟಿಲು ಕೆಳಗಿಳಿದರು.

"ತೊಟ್ಟಿಲಿಗೆ ಹಾಕಿ ಹೆಸರಿಡೋ ಮೊದಲ ಹೋತಪ್ಪ. ನಾ ಇವತ್ತಿಗೂ 'ಅದು' ಅಂತನ ಅಳ್ತೀನಿ."