ಬಾಚಿ ಮತ್ತು ಮರದ ತಾಯಿ

ಯೊರುಬಾ ನಾಡಿನ ಒಂದು ಗುಡಿಯಲ್ಲಿ ಮಂಡಿಯೂರಿ ಕುಳಿತ ಮರದ ತಾಯಿಯೊಬ್ಬಳಿದ್ದಳು. ಅವಳನ್ನು ಕೆತ್ತಿದ ಬಾಚಿಯೂ ಅಲ್ಲೇ ಮೂಲೆಯಲ್ಲಿತ್ತು. ಹೊಳೆಯಾಚೆಯ ನೂಪೆ ಜನರೊಡನೆ ಜಗಳವಾದಾಗ ಊರ ಹಿರಿಯರು ಬಾಚಿಯನ್ನು ಕರೆದು, “ಇವಳ ಮೈಮೇಲೆ ಪರರದ್ದು ಏನಿದೆಯೋ ಅದನ್ನೆಲ್ಲ ಕೆತ್ತಿ ತೆಗೆ” ಎಂದು ಅಪ್ಪಣೆ ಮಾಡಿದರು.

ಬಾಚಿಗೆ ಸಂಕಟವಾಯಿತು. “ತಾಯಿ, ನಿನ್ನಲ್ಲಿ ಪರರದ್ದು ಯಾವುದು?” ಎಂದು ಕೇಳಿತು.

“ಬೆನ್ನ ಮೇಲಿನ ಹೆಣಿಗೆಯ ಚಿತ್ತಾರ ನೂಪೆಯವರದು. ಕೊರಳ ಸರ ಬೆನಿನ್ ಕಡೆಯದು. ಈ ಕಣ್ಣು, ಈ ತುಟಿ, ಮಂಡಿಯೂರಿದ ಈ ಕಾಲು ಬಿಡಿಸುವುದನ್ನು ನಿನ್ನನ್ನು ಹಿಡಿದ ಯಜಮಾನ ಬಡಗಿ ಪಡುವಣ ಸೀಮೆಯ ಗೆಳೆಯನಿಂದ ಕಲಿತ. ನಿನಗೆ ಗೊತ್ತಿಲ್ಲವೇ ಮಗನೇ? ಕೆತ್ತಿದ್ದು ನೀನೇ ಅಲ್ಲವೇ?”

“ಅವೆಲ್ಲ ಹೋದರೆ ನೀನು ಉಳಿಯುತ್ತೀಯಾ?”

“ಮರ ಉಳಿಯುತ್ತದೆ” ಎಂದಳು ತಾಯಿ.

ಬಾಚಿಗೆ ಹಿರಿಯರ ಮಾತು ಮೀರುವ ಧೈರ್ಯವಿರಲಿಲ್ಲ. ಅದು ದಿನವಿಡೀ ಕೆತ್ತಿತು. ಹಿರಿಯರು ಬಂದು ನೋಡಿ, ಈಗ ಇವಳು ಪೂರ್ತಿ ನಮ್ಮವಳಾದಳು ಎಂದು ಮೆಚ್ಚಿಕೊಂಡು ಹೋದರು.

ಮರುದಿನ ಬೆಳಿಗ್ಗೆ, ಕೂಸನ್ನು ಕಳೆದುಕೊಂಡ ಅಬೆನಿ ಎಂಬ ಹೆಂಗಸು ತಾಯಿಯ ಮುಂದೆ ಕುಳಿತು ಅತ್ತು ಹಗುರಾಗಲೆಂದು ಗುಡಿಗೆ ಬಂದಳು. ಬೋಳು ಮರದ ತುಂಡನ್ನು ಒಂದು ಸುತ್ತು ಬಂದಳು. ಯಾವ ಕಡೆ ಅದರ ಮುಂದು, ಯಾವ ಕಡೆ ಹಿಂದು ಎಂದು ಅವಳಿಗೆ ತಿಳಿಯಲಿಲ್ಲ. ಬಾಚಿ ನೋಡುತ್ತಿದ್ದಂತೆಯೇ ಅವಳು ಅಳದೆ ಮನೆಗೆ ಹಿಂತಿರುಗಿದಳು.