ಕೈ ಸಡಿಲ ಬಿಡು

"ಬುದ್ಧಿ, ಹೆದರಿಕೆ ಹೋಗಬೇಕಾದರೆ ಏನು ಮಾಡಬೇಕು?" ಎಂದು ದಾಕ್ಷಾಯಿಣಿ ಸ್ವಾಮಿಗಳನ್ನು ಕೇಳಿದಳು.

ಅವಳು ಮಠದ ಹಾಸ್ಟೆಲಿನಲ್ಲಿದ್ದು ಓದಿ ನರ್ಸ್ ಆದವಳು. ಊರಿಗೆ ಅಂಟುಜ್ವರ ಬಂದಿತ್ತು. ಮರುದಿನದಿಂದ ಅವಳಿಗೆ ಜ್ವರದ ವಾರ್ಡಿನಲ್ಲಿ ಡ್ಯೂಟಿ. ತಲೆಯಿಂದ ಕಾಲಿನವರೆಗೆ ಮುಚ್ಚುವ ಕಿಟ್ ತೊಟ್ಟು ಒಳಗೆ ಹೋಗಬೇಕಿತ್ತು.

"ಇವತ್ತು ಕಿಟ್ ಹಾಕಿಕೊಂಡು ನೋಡಿದೆ. ಕನ್ನಡಿಯಲ್ಲಿ ನನ್ನನ್ನು ಕಂಡು ನನಗೇ ಎದೆ ಝಲ್ಲೆಂದಿತು. ಹೀಗೆ ನಡುಗುವವಳು ರೋಗಿಗೆ ಏನು ಧೈರ್ಯ ಹೇಳಲಿ? ಭಯ ಹೋಗುವ ಒಂದು ಮಂತ್ರ ಕೊಡಿ. ಅದು ಹೋದ ಮೇಲೆ ಡ್ಯೂಟಿಗೆ ಹೋಗುತ್ತೇನೆ. ಅಲ್ಲಿಯವರೆಗೆ ರಜೆ ಹಾಕುತ್ತೇನೆ."

ಸ್ವಾಮಿಗಳು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಮಂತ್ರವಂತೆ. ಪರೀಕ್ಷೆಯ ಹಿಂದಿನ ದಿನವೂ ಹೀಗೇ ಬರುತ್ತಿದ್ದೆ, ವಿಭೂತಿ ಕೊಡಿ ಎಂದು. ಓದಿದೆಯಾ ಎಂದು ಕೇಳಿದರೆ ನೆಲ ನೋಡುತ್ತಿದ್ದೆ. ಕೂತುಕೋ. ಮೊದಲು ಕತೆ, ಮಂತ್ರ ಆಮೇಲೆ."

ಅವಳು ಕೂತಳು. ಸ್ವಾಮಿಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಮುದುಕಿ. ಮನೆಮನೆಗೆ ಹೋಗಿ ಹೆಂಗಸರ ಕೈಗೆ ಗಾಜಿನ ಬಳೆ ತೊಡಿಸುವುದು ಅವಳ ಕೆಲಸ. ಅವಳಿಗೆ ಈ ಜ್ವರವೇ ಬಂತು. ಉಸಿರಾಡುವುದು ಕಷ್ಟವಾಯಿತು. ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಮನೆಯವರು ಯಾರೂ ಜೊತೆಗೆ ಹೋಗುವಂತಿರಲಿಲ್ಲ.

ವಾರ್ಡಿನಲ್ಲಿ ಅವಳು ಕಣ್ಣು ಬಿಟ್ಟಾಗ ಸುತ್ತ ಮನುಷ್ಯರು ಕಾಣಲಿಲ್ಲ. ಏನೋ ಬಿಳಿಯವು ಓಡಾಡುತ್ತಿದ್ದವು. ಅವಕ್ಕೆ ಮುಖವಿಲ್ಲ, ಕೂದಲಿಲ್ಲ. ಕಣ್ಣಿರಬೇಕಾದ ಕಡೆ ಹಬೆ ಕಟ್ಟಿದ ಗಾಜು. ಮಾತಾಡಿದರೆ ಗುಡಾಣದೊಳಗಿಂದ ಕೂಗಿದಂತೆ ಕೇಳುತ್ತಿತ್ತು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಸತ್ತ. ಅವೇ ಬಿಳಿಯವು ಬಂದು ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಳ್ಳಿಕೊಂಡು ಹೋದವು. ಮುದುಕಿ ನೋಡುತ್ತ ಮಲಗಿದ್ದಳು. ಇವು ಯಾರನ್ನು ಮುಟ್ಟುತ್ತವೋ ಅವರು ಹೋಗುತ್ತಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಆಮೇಲೆ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಮೂಗಿಗೆ ಇಟ್ಟ ಆಕ್ಸಿಜನ್ ಮಾಸ್ಕನ್ನು ಕಿತ್ತೆಸೆದಳು. ಮತ್ತೆ ಇಟ್ಟರೆ ಮತ್ತೆ ಕಿತ್ತಳು. ಕಿತ್ತಾಗಲೆಲ್ಲ ತುಟಿ ನೀಲಿಯಾಗುತ್ತಿತ್ತು.

ಅವಳನ್ನು ನೋಡಿಕೊಳ್ಳುವ ನರ್ಸ್ ಹೊಸಬಳು. ನಿನ್ನ ಹಾಗೆಯೇ ಎಂದಿಟ್ಟುಕೋ. ಅವಳ ರೂಮಿನಲ್ಲಿದ್ದ ಇನ್ನೊಬ್ಬ ನರ್ಸಿಗೆ ಜ್ವರ ತಗುಲಿ, ಆ ಹುಡುಗಿ ಅದೇ ವಾರ್ಡಿನ ಮೂಲೆಯಲ್ಲಿ ಮಲಗಿದ್ದಳು. ಇವಳಿಗೆ ಒಳಗೆ ಕಾಲಿಟ್ಟರೆ ಸಾಕು, ಕೈ ನಡುಗುತ್ತಿತ್ತು. ಆದರೆ ಹಿರಿಯ ಸಿಸ್ಟರ್ ಒಬ್ಬರು, 'ನಿನ್ನ ಭಯ ರೋಗಿಗೆ ಗೊತ್ತಾಗಕೂಡದು' ಎಂದು ಹೇಳಿದ್ದರು. ಅದಕ್ಕೆ ಅವಳು ಕೈಗಳನ್ನು ಮೈಗೆ ಒತ್ತಿ ಹಿಡಿದು, ಸೆಟೆದುಕೊಂಡು ಓಡಾಡುತ್ತಿದ್ದಳು. ಔಷಧಿ ಕೊಡುವುದು, ತಿರುಗಿ ಬರುವುದು. ಬೇಕಾದ್ದಕ್ಕಿಂತ ಒಂದು ಬೆರಳೂ ಹೆಚ್ಚಿಗೆ ತಗಲಿಸುತ್ತಿರಲಿಲ್ಲ. ಅದನ್ನೇ ಧೈರ್ಯ ಎಂದುಕೊಂಡಿದ್ದಳು, ಪಾಪ.

ಮುದುಕಿಗೆ ಮುಖ ಕಂಡರೆ ಸಮಾಧಾನವಾದೀತು ಎಂದು ಅವಳೊಂದು ಉಪಾಯ ಮಾಡಿದಳು. ತನ್ನ ನಗುಮುಖದ ಫೋಟೊ ಒಂದನ್ನು ಕಿಟ್ಟಿನ ಎದೆಯ ಮೇಲೆ ಇಟ್ಟು, ಸುತ್ತಲೂ ಚೌಕಟ್ಟಿನ ಹಾಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡು ಹೋದಳು. ಒಳ್ಳೆಯ ಉಪಾಯವೇ. ಬೇರೆ ರೋಗಿಗಳಿಗೆ ಅದು ಹಿಡಿಸಿತು. ಒಬ್ಬ ರೈತ, 'ಇಷ್ಟು ಚಿಕ್ಕವರಾ ನೀವು, ನಾನು ಅಮ್ಮನ ವಯಸ್ಸಿನವರು ಅಂದುಕೊಂಡಿದ್ದೆ' ಎಂದು ನಕ್ಕ. ಮುದುಕಿ ಮಾತ್ರ ಫೋಟೊ ನೋಡಿ ಚಿಟ್ಟನೆ ಚೀರಿದಳು.

ಯಾಕೆ ಗೊತ್ತೇ? ಅವಳ ಮನೆಯಲ್ಲಿ ಬದುಕಿರುವವರ ಫೋಟೊ ಹಾಕುವ ರೂಢಿ ಇರಲಿಲ್ಲ. ಗೋಡೆಯ ಮೇಲೆ ಇದ್ದದ್ದು ಸತ್ತ ಗಂಡನದು, ಸತ್ತ ಮಗಳದು. ಸುತ್ತ ಚೌಕಟ್ಟು, ಗಾಜಿನ ಮೇಲೆ ಕುಂಕುಮ, ಒಣಗಿದ ಹಾರ. ಚೌಕಟ್ಟಿನೊಳಗೆ ನಗುವ ಹುಡುಗಿ ಎಂದರೆ ಅವಳ ಪಾಲಿಗೆ ಸತ್ತ ಹುಡುಗಿ. ಸತ್ತವಳು ತನ್ನ ಫೋಟೊ ತಾನೇ ಹೊತ್ತುಕೊಂಡು ಕರೆಯಲು ಬಂದಿದ್ದಾಳೆ. ಮುದುಕಿಗೆ ಜೀವ ಬಾಯಿಗೆ ಬಂತು. ಮಾಸ್ಕ್ ಕಿತ್ತು ಹಾಸಿಗೆಯ ಕೆಳಗೆ ಎಸೆದಳು.

ಡಾಕ್ಟರು ಬಂದು ನೋಡಿದರು. 'ಇನ್ನು ಬೇರೆ ದಾರಿಯಿಲ್ಲ. ಕೈ ಕಟ್ಟಿ ಮಾಸ್ಕ್ ಹಾಕಿ. ಇಲ್ಲದಿದ್ದರೆ ಈ ಅಜ್ಜಿ ಸಂಜೆ ಕಾಣುವುದಿಲ್ಲ' ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.

ನರ್ಸ್ ಕಟ್ಟಲು ಬ್ಯಾಂಡೇಜ್ ಬಟ್ಟೆ ತಂದಳು. ಅದೂ ಬಿಳಿಯದೇ. ವ್ಯಾಪಾರಿಯನ್ನು ಸುತ್ತಿದ ಬಟ್ಟೆ ತನಗೂ ಬಂತು ಎಂದು ಮುದುಕಿ ಗೋಡೆಗೆ ಒತ್ತಿಕೊಂಡಳು. ಚೀರಲು ಉಸಿರು ಉಳಿದಿರಲಿಲ್ಲ. ನರ್ಸ್ ಅವಳ ಮಣಿಕಟ್ಟು ಹಿಡಿದಳು. ಹಿಡಿದ ಮೇಲೆ ಕೈಯನ್ನು ಎಲ್ಲಿ ಬಚ್ಚಿಡುವುದು? ಅದು ಗಡಗಡ ನಡುಗತೊಡಗಿತು. ಬಟ್ಟೆ ಜಾರಿ ಕೆಳಗೆ ಬಿತ್ತು.

ಮುದುಕಿಯ ಒದ್ದಾಟ ನಿಂತಿತು. ಆ ನಡುಕ ಅವಳಿಗೆ ಗೊತ್ತಿತ್ತು. ಮೊದಲ ಸಲ ಗಾಜಿನ ಬಳೆ ತೊಡಲು ಕೂತ ಹುಡುಗಿಯರ ಕೈ ಹೀಗೇ ನಡುಗುತ್ತದೆ, ಬಳೆ ಒಡೆದು ಚುಚ್ಚೀತು ಎಂದು. ಅಂಥ ಕೈಗಳನ್ನು ಹಿಡಿದೇ ಅವಳು ಮುದುಕಿಯಾದವಳು. ಅಭ್ಯಾಸಬಲದಿಂದ ಅವಳ ಇನ್ನೊಂದು ಕೈ ಮುಂದೆ ಬಂತು. ಗ್ಲೌಸಿನ ಮೇಲೇ ನರ್ಸಿನ ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಅಮುಕಿತು.

'ಕೈ ಸಡಿಲ ಬಿಡವ್ವ. ಬಿಗಿ ಹಿಡಿದರೆ ನೋಯುತ್ತೆ' ಎಂದಳು ಮುದುಕಿ. ಹಾಗೆ ಅಂದಮೇಲೆ ತಲೆಯೆತ್ತಿ ಆ ಹಬೆಗಾಜನ್ನು ನೋಡಿದಳು. 'ನಿನಗೂ ಹೆದರಿಕೆಯೇನೇ?'

ನರ್ಸ್ ಇಲ್ಲ ಎನ್ನಬೇಕಿತ್ತು. ಬಾಯಿ ಬರಲಿಲ್ಲ. 'ಹೂಂ ಅಜ್ಜಿ, ತುಂಬಾ' ಎಂದಳು.

'ಹಾಗಾದರೆ ನೀನು ಸತ್ತಿಲ್ಲ' ಎಂದಳು ಮುದುಕಿ.

ಮಾಸ್ಕನ್ನು ಅವಳೇ ಕೇಳಿ ಇಡಿಸಿಕೊಂಡಳು. ಕೈ ಮಾತ್ರ ಬಿಡಲಿಲ್ಲ. ಆ ಸಂಜೆ ಕಂಡಳು, ಮರುದಿನವನ್ನೂ ಕಂಡಳು, ಕೊನೆಗೆ ಗುಣವಾದಳು. ಮನೆಗೆ ಹೊರಡುವಾಗ ಅದೇ ನರ್ಸ್ ಕಿಟ್ ಇಲ್ಲದೆ, ಫೋಟೊದಲ್ಲಿದ್ದ ಹಾಗೇ ನಗುತ್ತ ಬಾಗಿಲಲ್ಲಿ ನಿಂತಿದ್ದಳು. ಮುದುಕಿಗೆ ಗುರುತು ಸಿಗಲಿಲ್ಲ. ಯಾರೋ ಎಂದು ದಾಟಿ ಹೋಗುತ್ತಿದ್ದಳು. ನರ್ಸ್ ಕೈ ಚಾಚಿದಳು. ಮುದುಕಿ ಅದರ ಗೆಣ್ಣುಗಳನ್ನು ಅಮುಕಿ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ದಾಕ್ಷಾಯಿಣಿ ತನ್ನ ಕೈಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಕೂತಿದ್ದಳು.

"ಆಮೇಲೆ ಆ ನರ್ಸಿನ ಭಯ ಹೋಯಿತೇ, ಬುದ್ಧಿ?"

"ಎಲ್ಲಿಯ ಹೋಗುವುದು? ಪ್ರತಿದಿನವೂ ಹೆದರಿಕೊಂಡೇ ಒಳಗೆ ಹೋದಳು."

"ಹಾಗಾದರೆ ನನ್ನ ಮಂತ್ರ?"

"ಕೊಡೋಣ ತಾಯಿ, ನಿನ್ನ ಮುಖವನ್ನೂ ನಗುವನ್ನೂ ಕಿಟ್ ಮುಚ್ಚುತ್ತದೆ, ಭಯವನ್ನೂ ನಾನು ಕಿತ್ತುಕೊಂಡರೆ ನೀನು ಬದುಕಿದ್ದೀಯೆಂದು ಅಲ್ಲಿ ಮಲಗಿದವರಿಗೆ ಯಾವುದರಿಂದ ಗೊತ್ತಾಗಬೇಕು, ಅದನ್ನೊಂದು ಹೇಳಿ ಮಂತ್ರ ತೆಗೆದುಕೊಂಡು ಹೋಗು."