ಖೋ ಕೊಟ್ಟು ಕೂತಾಕಿ

ಕ್ರೀಡಾ ವರದಿಗಾರಿಕೆ ಬಿಟ್ಟು ಭಾಷಣಕ್ಕಿಳಿದಿದ್ದ ವಾಮನಮೂರ್ತಿಗಳು ಹುಬ್ಬಳ್ಳಿಯ ಗಾರ್ಮೆಂಟ್ಸಿನ ಕೆಲಸಗಾರ ಹೆಂಗಸರ ಮುಂದೆ ಎರಡು ತಾಸಿನಿಂದ ಹಳೆಯ ಖೋ-ಖೋ ಫೈನಲ್ಲೊಂದನ್ನು ಬಣ್ಣಿಸುತ್ತಿದ್ದರು.

"ಟೀಮ್‌ವರ್ಕ್ ಅಂದ್ರೆ ಅದು! ನಾನು ಮುಗಿಸೋವರೆಗೂ ಯಾರೂ ಟೀಗೆ ಏಳಬಾರದು!"

ಕ್ಯಾಂಟೀನಿನ ಹೆಂಗಸು ವೇದಿಕೆ ಹತ್ತಿ, ಅವರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಳು. "ಖೋ ಕೊಡೂದು ಹೆಂಗಂತ ತೋರಸ್ರಿ ಸರ."

ಮೂರ್ತಿಗಳು ಉಬ್ಬಿಹೋದರು. ಬೆನ್ನು ಮುಟ್ಟಿ "ಖೋ!" ಎಂದರು.

ಆಕೆ ಚಂಗನೆ ಎದ್ದಳು. "ಖೋ ಕೊಟ್ಟವರು ಕೂಡಬೇಕ್ರಿ ಸರ. ಕೂಡ್ರಿ! ಏಳ್ರವಾ ಎಲ್ಲಾರೂ, ಟೀ ಆರತೈತಿ!"

ಸಭೆ ಗೊಳ್ಳೆಂದು ನಕ್ಕಿತು. ನಿಯಮ ನಿಯಮವೇ, ಮೂರ್ತಿಗಳು ಕೂತರು.

ಆಕೆ ಅವರಿಗೂ ಟೀ ತಂದಾಗ ಮೂರ್ತಿಗಳು ಕೇಳಿದರು: "ನೀನೂ ಆಡ್ತಿದ್ದೆಯಾ?"

"ಈಗ ಹೇಳಿದ್ರಲ್ಲ, ಅದ ಫೈನಲ್‌ರೀ. ಕಡೀಕ ಔಟ್ ಮಾಡಿದಾಕಿ ಫೋಟೊ ಪೇಪರಿನ್ಯಾಗ ಹಾಕಿದ್ರಿ. ಆಕಿಗೆ ಖೋ ಕೊಟ್ಟು ಕೂತಾಕಿ ನಾನು."

ಮೂರ್ತಿಗಳು ಟೀ ಲೋಟ ಕೆಳಗಿಟ್ಟರು. ಅಂದು ಮೈದಾನದಲ್ಲೇ ಕೇಳಬೇಕಿದ್ದ ಮಾತನ್ನು ಇಪ್ಪತ್ತು ವರ್ಷ ತಡವಾಗಿ ಕೇಳಿದರು:

"ನಿಮ್ಮ ಹೆಸರೇನಮ್ಮಾ?"